ಪಕ್ಷೇತರನಿಗೆ ಮೂರು ನಿಮಿಷ: ರಾಜ್ಯಸಭೆಯಲ್ಲಿ ಒಂಟಿ ಸದಸ್ಯ ಏನು ಮಾಡಬಲ್ಲ?

ರಾಜ್ಯಸಭೆಯಲ್ಲಿ ಒಂದು ಮಸೂದೆ ಚರ್ಚೆಗೆ ಬಂದರೆ ಮೊದಲು ಸಮಯದ ಹಂಚಿಕೆ ಆಗುತ್ತದೆ. ಎಷ್ಟು ಸದಸ್ಯಬಲವೋ ಅಷ್ಟು ನಿಮಿಷ. ದೊಡ್ಡ ಪಕ್ಷಗಳು ಸಿಕ್ಕ ಸಮಯವನ್ನು ನಾಲ್ಕೈದು ಜನರಿಗೆ ಹಂಚಿಕೊಂಡು ಆರಾಮಾಗಿ ಮಾತಾಡುತ್ತವೆ. ಪಟ್ಟಿಯ ತಳದಲ್ಲಿ ಪಕ್ಷೇತರರು ಮತ್ತು ಒಬ್ಬಿಬ್ಬರು ಸದಸ್ಯರಿರುವ ಪಕ್ಷಗಳು ಸೇರಿ ಒಂದೇ ಸಾಲಿನಲ್ಲಿರುತ್ತವೆ. ಅಲ್ಲಿ ಒಬ್ಬರ ಪಾಲಿಗೆ ಬರುವುದು ಮೂರೋ ನಾಲ್ಕೋ ನಿಮಿಷ. ಅದೂ ಸಾಮಾನ್ಯವಾಗಿ ಚರ್ಚೆಯ ಕೊನೆಗೆ.

245 ಸದಸ್ಯರ ಸದನದಲ್ಲಿ ಯಾವ ಪಕ್ಷದ ಟಿಕೆಟ್ಟೂ ಇಲ್ಲದೆ ಗೆದ್ದು ಬಂದವರು ಯಾವಾಗ ನೋಡಿದರೂ ಬೆರಳೆಣಿಕೆಯಷ್ಟೇ. ಅವರಿಗೆ ವಿಪ್ (ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ) ಇಲ್ಲ, ಹೈಕಮಾಂಡ್ ಇಲ್ಲ. ಸಂಸತ್ತಿನಲ್ಲಿ ಮನಸ್ಸಿಗೆ ಬಂದಂತೆ ಮತ ಹಾಕಬಲ್ಲವರು ಇವರೇ ಅನ್ನಿಸುತ್ತದೆ, ಅಲ್ವಾ? ಕರ್ನಾಟಕಕ್ಕೂ ಇಂಥವರ ಪರಿಚಯ ಚೆನ್ನಾಗಿಯೇ ಇದೆ. ವಿಜಯ್ ಮಲ್ಯ 2002 ಮತ್ತು 2010ರಲ್ಲಿ, ರಾಜೀವ್ ಚಂದ್ರಶೇಖರ್ 2006 ಮತ್ತು 2012ರಲ್ಲಿ ಪಕ್ಷೇತರರಾಗಿ ಇಲ್ಲಿಂದಲೇ ರಾಜ್ಯಸಭೆಗೆ ಹೋದವರು. ಒಂದೇ ಬಾಗಿಲಿನಿಂದ ಒಳಗೆ ಹೋದ ಇಬ್ಬರೂ ಸದನದಲ್ಲಿ ಮಾಡಿದ ಕೆಲಸ ಮಾತ್ರ ತೀರಾ ಬೇರೆ ಬೇರೆ. ಆದರೆ ಅದಕ್ಕೂ ಮೊದಲು ಆ ಬಾಗಿಲನ್ನೇ ಸ್ವಲ್ಪ ನೋಡಬೇಕು. ಪಕ್ಷೇತರ ಎಷ್ಟು ಸ್ವತಂತ್ರ ಅನ್ನುವುದರಲ್ಲಿ ಅರ್ಧ ಅಲ್ಲೇ ತೀರ್ಮಾನವಾಗಿರುತ್ತದೆ.

ರಾಜ್ಯಸಭೆಗೆ ಮತ ಹಾಕುವವರು ಶಾಸಕರು. ನಾಮಪತ್ರ ಸಲ್ಲಿಸುವುದಕ್ಕೇ ಹತ್ತು ಶಾಸಕರ ಸಹಿ ಬೇಕು. ಕರ್ನಾಟಕದ 224 ಶಾಸಕರು ನಾಲ್ಕು ಸ್ಥಾನ ತುಂಬುವಾಗ ಒಬ್ಬ ಅಭ್ಯರ್ಥಿ ನಿಶ್ಚಿಂತೆಯಿಂದ ಗೆಲ್ಲಲು 45 ಮತ ಸಾಕು. 224ನ್ನು ಸ್ಥಾನಗಳಿಗಿಂತ ಒಂದು ಹೆಚ್ಚು, ಅಂದರೆ ಐದರಿಂದ ಭಾಗಿಸಿದರೆ 44 ದಾಟುತ್ತದೆ, ಅದಕ್ಕೇ 45. ಈಗ 2004ರ ವಿಧಾನಸಭೆ ಫಲಿತಾಂಶ ತೆಗೆದುಕೊಳ್ಳಿ: ಬಿಜೆಪಿ 79, ಕಾಂಗ್ರೆಸ್ 65, ಜೆಡಿಎಸ್ 58. ಮೂರೂ ಪಕ್ಷಗಳು ತಲಾ ಒಬ್ಬರನ್ನು ಗೆಲ್ಲಿಸಿಕೊಂಡರೆ ಬಿಜೆಪಿ ಬಳಿ 34 ಮತ, ಜೆಡಿಎಸ್ ಬಳಿ 13 ಮತ ಮಿಕ್ಕುತ್ತವೆ. ಎರಡೂ ಸೇರಿದರೆ 47. 2006ರಲ್ಲಿ ಈ ಎರಡು ಪಕ್ಷಗಳು ಸೇರಿಯೇ ಸರ್ಕಾರ ನಡೆಸುತ್ತಿದ್ದವು. ರಾಜೀವ್ ಚಂದ್ರಶೇಖರ್ ಗೆದ್ದದ್ದು ಇವೆರಡರ ಬೆಂಬಲದಿಂದ.

2008ರ ನಂತರದ ಲೆಕ್ಕ ಬೇರೆ, ದಾರಿ ಅದೇ. ಜೆಡಿಎಸ್ ಬಳಿ ಆಗ ಮೂವತ್ತಕ್ಕಿಂತ ಕಡಿಮೆ ಶಾಸಕರು. ಸ್ವಂತ ಬಲದಲ್ಲಿ ಒಬ್ಬರನ್ನೂ ಗೆಲ್ಲಿಸಲಾರರು. ಇಬ್ಬರನ್ನು ಗೆಲ್ಲಿಸಿಕೊಂಡ ಮೇಲೂ ಬಿಜೆಪಿ ಬಳಿ ಒಂದಷ್ಟು ಮತ ಉಳಿಯುತ್ತಿತ್ತು, ಮೂರನೆಯವರಿಗೆ ಅದು ಸಾಲದು. ಇವರಿಗೂ ಬೇಕು, ಅವರಿಗೂ ಬೇಕು, ಆದರೆ ಒಬ್ಬರ ಅಭ್ಯರ್ಥಿಯನ್ನು ಇನ್ನೊಬ್ಬರು ಒಪ್ಪುವುದು ಕಷ್ಟ. ಇಂಥ ಕಡೆ ಪಕ್ಷದ ಹಣೆಪಟ್ಟಿ ಇಲ್ಲದ, ಎರಡೂ ಕಡೆ ಪರಿಚಯವಿರುವ, ಕೈಯಲ್ಲಿ ಒಂದಿಷ್ಟು ದುಡ್ಡೂ ಇರುವ ವ್ಯಕ್ತಿ ಎಲ್ಲರಿಗೂ ಅನುಕೂಲ. ಕರ್ನಾಟಕದಿಂದ ಹೋದ ಇಬ್ಬರು ಪಕ್ಷೇತರರೂ ಉದ್ಯಮಿಗಳೇ ಆಗಿದ್ದು ಕಾಕತಾಳೀಯ ಎಂದು ನನಗಂತೂ ಅನ್ನಿಸುವುದಿಲ್ಲ.

ಶಾಸಕರು ಪಕ್ಷದ ಮಾತು ಮೀರಿ, ವ್ಯಕ್ತಿಯನ್ನು ಮೆಚ್ಚಿ ಮತ ಹಾಕಬಾರದೇಕೆ? ಹಾಕಬಹುದು, ಆದರೆ ಕದ್ದು ಹಾಕಲಾಗುವುದಿಲ್ಲ. 2003ರ ತಿದ್ದುಪಡಿಯ ನಂತರ ಪಕ್ಷದ ಶಾಸಕರು ಗುರುತು ಹಾಕಿದ ಮತಪತ್ರವನ್ನು ತಮ್ಮ ಪಕ್ಷದ ಏಜೆಂಟರಿಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು. ಇದನ್ನು ಸುಪ್ರೀಂ ಕೋರ್ಟ್ 2006ರಲ್ಲಿ ಎತ್ತಿ ಹಿಡಿಯಿತು. ಅಡ್ಡ ಮತದಾನ ಮಾಡಿದರೆ ಶಾಸಕ ಸ್ಥಾನ ಹೋಗುವುದಿಲ್ಲ, ನಿಜ. ಪಕ್ಷ ಅಮಾನತು ಮಾಡುತ್ತದೆ. 2016ರಲ್ಲಿ ಜೆಡಿಎಸ್‌ನ ಎಂಟು ಶಾಸಕರು ಕಾಂಗ್ರೆಸ್‌ನ ಮೂರನೇ ಅಭ್ಯರ್ಥಿಗೆ ಬಹಿರಂಗವಾಗಿಯೇ ಮತ ಹಾಕಿ ಅಮಾನತಾದದ್ದು ನೆನಪಿರಬಹುದು. ಅದೇ ವರ್ಷ ಹರಿಯಾಣದಲ್ಲಿ ಇನ್ನೂ ವಿಚಿತ್ರ ನಡೆಯಿತು. ಕಾಂಗ್ರೆಸ್ ಶಾಸಕರ ಹತ್ತಕ್ಕೂ ಹೆಚ್ಚು ಮತಗಳು ಬೇರೆ ಪೆನ್ನಿನಲ್ಲಿ ಗುರುತು ಹಾಕಿದ್ದಕ್ಕೇ ಅಸಿಂಧುವಾದವು. ಬಿಜೆಪಿ ಬೆಂಬಲವಿದ್ದ ಪಕ್ಷೇತರ, ಮಾಧ್ಯಮ ಉದ್ಯಮಿ ಸುಭಾಷ್ ಚಂದ್ರ ಗೆದ್ದುಬಿಟ್ಟರು. ಪೆನ್ನು ಬದಲಾದರೆ ಸಂಸದ ಬದಲಾಗುವ ಚುನಾವಣೆ ಇದು.

ಇನ್ನೊಂದು ದಾರಿಯೂ ಇದೆ. ಮಿಕ್ಕ ಮತವಲ್ಲ, ಪಕ್ಷವೊಂದು ತನ್ನ ಪಾಲಿನ ಸ್ಥಾನವನ್ನೇ ಬಿಟ್ಟುಕೊಡುವುದು. 2022ರ ಮೇನಲ್ಲಿ ಕಾಂಗ್ರೆಸ್ ಬಿಟ್ಟ ಕಪಿಲ್ ಸಿಬಲ್, ಅದೇ ತಿಂಗಳು ಉತ್ತರ ಪ್ರದೇಶದಿಂದ ಸಮಾಜವಾದಿ ಪಕ್ಷದ ಬೆಂಬಲದೊಂದಿಗೆ ಪಕ್ಷೇತರರಾಗಿ ನಾಮಪತ್ರ ಹಾಕಿ, ಅವಿರೋಧವಾಗಿ ಆಯ್ಕೆಯಾದರು. ಇಲ್ಲಿ ಋಣ ಒಂದೇ ಕಡೆಗೆ, ಅದೂ ಎಲ್ಲರಿಗೂ ಕಾಣುವಂತೆ. ಎರಡು ಪಕ್ಷಗಳ ಮಿಕ್ಕ ಮತದಿಂದ ಬಂದವರ ಋಣ ಯಾರಿಗೆ ಎಷ್ಟು ಎಂದು ಹೇಳುವುದು ಅಷ್ಟು ಸುಲಭವಲ್ಲ.

ಸರಿ, ಹೇಗೋ ಒಳಗೆ ಬಂದಾಯಿತು. ಮುಂದೆ?

ಪಕ್ಷೇತರನಿಗೆ ಎಲ್ಲಕ್ಕಿಂತ ನ್ಯಾಯ ಸಿಗುವ ಜಾಗ ಪ್ರಶ್ನೆಗಳದ್ದು. ರಾಜ್ಯಸಭೆಯಲ್ಲಿ ಒಂದು ದಿನಕ್ಕೆ 15 ಚುಕ್ಕೆ ಗುರುತಿನ ಪ್ರಶ್ನೆಗಳು ಮತ್ತು 160 ಚುಕ್ಕೆ ರಹಿತ ಪ್ರಶ್ನೆಗಳು ಪಟ್ಟಿಗೆ ಬರುತ್ತವೆ. ಮೊದಲನೆಯದಕ್ಕೆ ಸಚಿವರು ಎದ್ದು ನಿಂತು ಬಾಯಲ್ಲಿ ಉತ್ತರಿಸಬೇಕು, ಎರಡನೆಯದಕ್ಕೆ ಬರಹದಲ್ಲಿ ಕೊಟ್ಟರೆ ಸಾಕು. ಯಾರ ಪ್ರಶ್ನೆ ಪಟ್ಟಿಗೆ ಬರಬೇಕು ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಚೀಟಿಗೆ ಪಕ್ಷ ಗೊತ್ತಿಲ್ಲ. ತುರ್ತು ವಿಷಯ ಎತ್ತುವ ಶೂನ್ಯವೇಳೆಯೂ ಹೆಚ್ಚುಕಡಿಮೆ ಹಾಗೇ: ಅವಕಾಶ ಸಿಕ್ಕರೆ ಎಲ್ಲರಿಗೂ ಮೂರೇ ನಿಮಿಷ, ಆಮೇಲೆ ಮೈಕ್ ತಾನಾಗಿ ಆಫ್ ಆಗುತ್ತದೆ.

ಬರಹದ ಉತ್ತರಗಳನ್ನು ಓದಿ ಅಭ್ಯಾಸವಿದ್ದವರಿಗೆ ಒಂದು ಸಾಲು ಚೆನ್ನಾಗಿ ಗೊತ್ತು: ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು. ಸಚಿವಾಲಯ ಜಾರಿಕೊಂಡಿತು ಎಂದು ಓದುಗರು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಆದರೆ ಸಂಸತ್ತಿನ ಲೆಕ್ಕದಲ್ಲಿ ಅದು ಸರ್ಕಾರ ಕೊಟ್ಟ ಭರವಸೆ. ಅದನ್ನು ಬೆನ್ನುಹತ್ತಲೆಂದೇ ಸರ್ಕಾರಿ ಭರವಸೆಗಳ ಸಮಿತಿ ಇದೆ. ಹಠ ಇರುವ ಸದಸ್ಯ ಇದೊಂದನ್ನೇ ಹಿಡಿದುಕೊಂಡು ಒಂದು ಇಲಾಖೆಯ ಹಿಂದೆ ಬೀಳಬಹುದು. ಅದಕ್ಕೆ ಪಕ್ಷ ಬೇಡ, ತಾಳ್ಮೆ ಬೇಕು.

ಸಮಿತಿಗಳ ವಿಷಯವೂ ಪಕ್ಷೇತರನಿಗೆ ಅಷ್ಟೇನೂ ಕೆಟ್ಟದಾಗಿಲ್ಲ. ಇಲಾಖಾವಾರು ಸ್ಥಾಯಿ ಸಮಿತಿಗಳು 24, ಪ್ರತಿಯೊಂದರಲ್ಲೂ ರಾಜ್ಯಸಭೆಯ 10 ಜನ. ಅಂದರೆ 240 ಜಾಗ. ಸಚಿವರು ಈ ಸಮಿತಿಗಳಲ್ಲಿ ಇರುವಂತಿಲ್ಲ. ಹಾಗಾಗಿ ಹೆಚ್ಚುಕಡಿಮೆ ಎಲ್ಲರಿಗೂ ಒಂದೊಂದು ಸಿಕ್ಕೇ ಸಿಗುತ್ತದೆ. ಸಮಿತಿಯ ಬಾಗಿಲು ಮುಚ್ಚಿರುತ್ತದೆ, ಕ್ಯಾಮೆರಾ ಇರುವುದಿಲ್ಲ, ಅಧಿಕಾರಿಗಳನ್ನು ಎದುರು ಕೂರಿಸಿಕೊಂಡು ಕೇಳಬಹುದು. ಓದಿಕೊಂಡು ಬಂದ ಒಬ್ಬ ಸದಸ್ಯನಿಗೆ ಅಲ್ಲಿ ಸಿಗುವ ಬೆಲೆ ಸದನದಲ್ಲಿ ಸಿಗುವುದಿಲ್ಲ. 2015ರಲ್ಲಿ ಜಿಎಸ್‌ಟಿ ತಿದ್ದುಪಡಿ ಮಸೂದೆಯನ್ನು ರಾಜ್ಯಸಭೆ ಪರಿಶೀಲನೆಗೆಂದು ಆಯ್ಕೆ ಸಮಿತಿಗೆ (ಸೆಲೆಕ್ಟ್ ಕಮಿಟಿ) ಕೊಟ್ಟಾಗ, ಆ 21 ಜನರಲ್ಲಿ ಪಕ್ಷೇತರರಾದ ರಾಜೀವ್ ಚಂದ್ರಶೇಖರ್ ಕೂಡ ಇದ್ದರು.

ಅವರ ವಿಷಯಕ್ಕೇ ಬರೋಣ. ರಾಜೀವ್ ಅವರು ಬಿಪಿಎಲ್ ಮೊಬೈಲ್ ಕಟ್ಟಿದವರು. 2005ರಲ್ಲಿ ಆ ವ್ಯವಹಾರದಿಂದ ಹೊರಬಂದು ಮರುವರ್ಷ ಸಂಸತ್ತಿಗೆ ಬಂದರು. ತರಂಗಾಂತರ ಹೇಗೆ ಹಂಚುತ್ತಾರೆ, ಯಾವ ಕಡತ ಎಲ್ಲಿ ನಿಲ್ಲುತ್ತದೆ ಎಂಬುದು ಒಳಗಿನಿಂದ ಗೊತ್ತಿದ್ದ ಮನುಷ್ಯ. 2ಜಿ ವಿಷಯ ಜೋರಾಗುವ ಮೊದಲೇ ಪ್ರಧಾನಿಗೆ ಪತ್ರ ಬರೆಯಲು ಶುರುಮಾಡಿದ್ದರು. 2010ರ ಡಿಸೆಂಬರ್‌ನಲ್ಲಿ ಅವರು ಬರೆದ ಬಹಿರಂಗ ಪತ್ರಕ್ಕೆ ರತನ್ ಟಾಟಾ ಅವರೇ ಖಾರವಾಗಿ ಉತ್ತರಿಸಿದರು. ಒಬ್ಬ ಪಕ್ಷೇತರ ಸಂಸದನ ಪತ್ರಕ್ಕೆ ಅಂಥವರು ಉತ್ತರ ಕೊಡಬೇಕಾಗಿ ಬಂತು ಅನ್ನುವುದೇ ಆ ಪತ್ರದ ತೂಕ ಹೇಳುತ್ತದೆ. 2012ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ 2ಜಿಯ 122 ಟೆಲಿಕಾಂ ಲೈಸೆನ್ಸ್ ರದ್ದು ಮಾಡಿತು.

ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮಿನ ಕಥೆ ಇನ್ನೂ ಕುತೂಹಲಕಾರಿ. ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧ ಮಾಡಿದ ಆ ಕಲಮು ಬಂದದ್ದು 2008ರ ತಿದ್ದುಪಡಿಯಲ್ಲಿ. ಡಿಸೆಂಬರ್‌ನ ಗದ್ದಲದ ನಡುವೆ ಲೋಕಸಭೆ ಅದನ್ನು ಚರ್ಚೆಯೇ ಇಲ್ಲದೆ ಪಾಸು ಮಾಡಿತ್ತು. ಫೇಸ್‌ಬುಕ್ಕಿನಲ್ಲಿ ಏನೋ ಬರೆದರು ಎಂದು ಜನರನ್ನು ಬಂಧಿಸಲು ಶುರುವಾದ ಮೇಲೆ ಎಲ್ಲರಿಗೂ ಎಚ್ಚರವಾಯಿತು. ಅದನ್ನು ಪ್ರಶ್ನಿಸಿ ಕೋರ್ಟಿಗೆ ಹೋದವರಲ್ಲಿ ರಾಜೀವ್ ಕೂಡ ಒಬ್ಬರು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಆ ಕಲಮನ್ನು ಕಿತ್ತುಹಾಕಿತು. ಕಾನೂನು ಮಾಡುವ ಮನೆಯ ಸದಸ್ಯರೇ ಕಾನೂನಿನ ವಿರುದ್ಧ ಕೋರ್ಟಿಗೆ ಹೋಗಬೇಕಾಯಿತು ನೋಡಿ. ಸದನದೊಳಗೆ ಒಂಟಿ ಸದಸ್ಯನ ಕೈ ಎಷ್ಟು ದೂರ ಚಾಚುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಖಾಸಗಿ ಮಸೂದೆಯ, ಅಂದರೆ ಸಚಿವರಲ್ಲದ ಸದಸ್ಯರು ತರುವ ಮಸೂದೆಯ, ಪಾಡು ಎಲ್ಲರಿಗೂ ಒಂದೇ. ಶುಕ್ರವಾರ ಮಧ್ಯಾಹ್ನ ಎರಡೂವರೆಗೆ ಶುರು, ಎರಡೂವರೆ ಗಂಟೆ ಅವಕಾಶ. ವಾರಾಂತ್ಯಕ್ಕೆ ಊರಿಗೆ ಹೊರಟವರು ಅಷ್ಟೊತ್ತಿಗೆ ವಿಮಾನ ನಿಲ್ದಾಣದ ದಾರಿಯಲ್ಲಿರುತ್ತಾರೆ. ಸ್ವಾತಂತ್ರ್ಯ ಬಂದಾಗಿನಿಂದ ಕಾಯ್ದೆಯಾದ ಖಾಸಗಿ ಮಸೂದೆಗಳು 14, ಕೊನೆಯದು 1970ರಲ್ಲಿ. ಆ ಕೊನೆಯ ಮಸೂದೆ ತಂದ ಆನಂದ ನಾರಾಯಣ ಮುಲ್ಲಾ ಹೈಕೋರ್ಟ್ ನ್ಯಾಯಮೂರ್ತಿಯಾಗಿದ್ದವರು, 1967ರಲ್ಲಿ ಲಖನೌದಿಂದ ಪಕ್ಷೇತರರಾಗಿ ಲೋಕಸಭೆಗೆ ಗೆದ್ದವರು. ಕೆಲವು ಕ್ರಿಮಿನಲ್ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹಾಕುವ ಅವಕಾಶವನ್ನು ಹಿಗ್ಗಿಸಿದ ಮಸೂದೆ ಅದು. ಆಮೇಲೆ ಐವತ್ತು ವರ್ಷ ದಾಟಿದರೂ ಯಾರಿಗೂ ಆ ಅದೃಷ್ಟ ಒಲಿದಿಲ್ಲ. ಭಯೋತ್ಪಾದನೆಗೆ ಬೆಂಬಲ ಕೊಡುವ ದೇಶಗಳನ್ನು ಹಾಗೆಂದು ಘೋಷಿಸಬೇಕೆಂಬ ರಾಜೀವ್ ಅವರ ಮಸೂದೆ 2017ರ ಫೆಬ್ರವರಿಯಲ್ಲಿ ಮಂಡನೆಯಾಯಿತು. ಅವರಿಗೆ ಹತ್ತಿರದವರೇ ಆದ ಸರ್ಕಾರ ಅಧಿಕಾರದಲ್ಲಿತ್ತು. ಆದರೂ ಗೃಹ ಸಚಿವಾಲಯ ವಿದೇಶ ಸಂಬಂಧದ ಕಾರಣ ಹೇಳಿ ಬೇಡ ಎಂದಿತು.

ಇನ್ನು ಮಲ್ಯ. ಕಿಂಗ್‌ಫಿಷರ್ ಏರ್‌ಲೈನ್ಸ್‌ನ ಮಾಲೀಕರಾಗಿದ್ದುಕೊಂಡೇ ಅವರು ನಾಗರಿಕ ವಿಮಾನಯಾನ ಸಚಿವಾಲಯದ ಸಲಹಾ ಸಮಿತಿಯಲ್ಲಿ ಇದ್ದರು. ರಾಜ್ಯಸಭೆಯಲ್ಲಿ ಇದಕ್ಕೊಂದು ನಿಯಮವಿದೆ. ಸದಸ್ಯರು ತಮ್ಮ ಕಂಪನಿ, ಷೇರು, ಸಂಬಳ, ಸಲಹೆಯ ಕೆಲಸ ಎಲ್ಲವನ್ನೂ ಬರೆದು ಕೊಡಬೇಕು. ಸ್ವಂತ ಹಣಕಾಸಿನ ಹಿತಾಸಕ್ತಿ ಇರುವ ವಿಷಯದಲ್ಲಿ ಮಾತಾಡುವ ಮೊದಲು ಅದನ್ನು ಹೇಳಿಕೊಳ್ಳಬೇಕು. ಆದರೆ ಹೇಳಿಕೊಂಡ ಮೇಲೆ ಮಾತಾಡಬಾರದು ಅಂತೇನಿಲ್ಲ. ಪಕ್ಷದ ಸದಸ್ಯನಾದರೆ ಮುಜುಗರವಾಗುತ್ತದೆ ಎಂದು ಪಕ್ಷವೇ ಒಮ್ಮೊಮ್ಮೆ ತಡೆಯುತ್ತದೆ. ಪಕ್ಷೇತರನಿಗೆ ಕಿವಿ ಹಿಂಡುವವರು ಯಾರು? ವಿಪ್ ಇಲ್ಲದಿರುವುದನ್ನೇ ನಾವು ಗುಣ ಎಂದು ಹೊಗಳುತ್ತೇವೆ. ಅದಕ್ಕೆ ಈ ಇನ್ನೊಂದು ಮುಖವೂ ಇದೆ.

ರಾಜೀವ್ ಅವರೂ ಈ ಪ್ರಶ್ನೆಯಿಂದ ಪೂರ್ತಿ ಹೊರಗಿಲ್ಲ. ಟೆಲಿಕಾಂ ಬಗ್ಗೆ ಮಾತಾಡುವಾಗ ಆ ಉದ್ಯಮ ಬಿಟ್ಟು ಬಂದಿದ್ದರು, ಸರಿ. ಆದರೆ ಕನ್ನಡಪ್ರಭ, ಸುವರ್ಣ ನ್ಯೂಸ್ ಇರುವ ಮಾಧ್ಯಮ ಗುಂಪಿನಲ್ಲಿ ಅವರ ಕಂಪನಿಯ ಹೂಡಿಕೆ ಇತ್ತು. ಸಂಸದ, ಹೂಡಿಕೆದಾರ, ಸುದ್ದಿಮನೆಯ ಒಡೆಯ, ಮೂರೂ ಒಬ್ಬರೇ ಆದಾಗ ಸದನದಲ್ಲಿ ಮಾತಾಡುತ್ತಿರುವವರು ಯಾರು ಎಂದು ಕೇಳುವ ಹಕ್ಕು ನಮಗಿದೆ.

ಮಲ್ಯ ಅವರ ಅಂತ್ಯ ಎಲ್ಲರಿಗೂ ಗೊತ್ತಿರುವುದೇ. 2016ರ ಮಾರ್ಚ್ 2ರಂದು ದೇಶ ಬಿಟ್ಟರು. ನೈತಿಕ ಸಮಿತಿ ಉಚ್ಚಾಟನೆಯ ಹಾದಿ ಹಿಡಿದಾಗ ಹೊರದೇಶದಿಂದಲೇ ರಾಜೀನಾಮೆ ಕಳಿಸಿದರು. ಸಭಾಪತಿ ಹಮೀದ್ ಅನ್ಸಾರಿ ಮೊದಲು ಅದನ್ನು ಒಪ್ಪಲಿಲ್ಲ, ಪತ್ರದಲ್ಲಿ ಅಸಲಿ ಸಹಿ ಇರಲಿಲ್ಲ. ರಾಜೀನಾಮೆ ಸ್ವಂತ ಇಚ್ಛೆಯದೇ, ನಿಜವಾದದ್ದೇ ಎಂದು ಸಭಾಪತಿಗೆ ಖಾತ್ರಿಯಾಗಬೇಕು ಎನ್ನುತ್ತದೆ ಸಂವಿಧಾನ. ಮೇ ಮೊದಲ ವಾರದಲ್ಲೇ ಆ ಶಾಸ್ತ್ರವೂ ಮುಗಿದು ಸ್ಥಾನ ಖಾಲಿಯಾಯಿತು.

ಈಗ ಮತದ ವಿಷಯ. ವಿಪ್ ಇಲ್ಲದ ಮತವೇ ಪಕ್ಷೇತರನ ನಿಜವಾದ ಬಂಡವಾಳ ಅನ್ನುತ್ತಾರೆ. ಅದು ಓಡುವುದು ಅಂತರ ಕಡಿಮೆ ಇದ್ದಾಗ ಮಾತ್ರ. ಆಸ್ಟ್ರೇಲಿಯಾದ ಸೆನೆಟ್ ನೋಡಿ. 76 ಸ್ಥಾನ, ಬಹುಮತಕ್ಕೆ 39 ಬೇಕು. 2022ರ ಚುನಾವಣೆ ನಂತರ ಲೇಬರ್ ಸರ್ಕಾರಕ್ಕೆ 26, ಗ್ರೀನ್ಸ್ ಪಕ್ಷದ 12 ಸೇರಿದರೆ 38. ಇನ್ನೊಂದು ಬೇಕಿತ್ತು. ರಾಜಧಾನಿ ಕ್ಯಾನ್‌ಬೆರಾ ಪ್ರದೇಶದಿಂದ ಗೆದ್ದಿದ್ದ ಪಕ್ಷೇತರ ಡೇವಿಡ್ ಪೊಕಾಕ್, ಹಿಂದೆ ರಗ್ಬಿ ತಂಡದ ನಾಯಕರಾಗಿದ್ದವರು, ಆ ಒಂದು ಮತವಾದರು. ಅದೇ ವರ್ಷ ಕಾರ್ಮಿಕ ಕಾನೂನಿನ ತಿದ್ದುಪಡಿಗೆ ಬೆಂಬಲ ಕೊಡುವಾಗ ಅವರು ಹಾಕಿದ ಷರತ್ತು: ಬಡವರಿಗೆ ಸಿಗುವ ಸರ್ಕಾರಿ ನೆರವು ಸಾಲುತ್ತದೆಯೇ ಎಂದು ಪ್ರತಿ ಬಜೆಟ್‌ಗೆ ಮುನ್ನ ವರದಿ ಕೊಡುವ ಸ್ವತಂತ್ರ ಸಮಿತಿ ಬೇಕು. ಸರ್ಕಾರ ಒಪ್ಪಿತು. ಚೌಕಾಸಿ ಇಲ್ಲೂ ಇತ್ತು, ಆದರೆ ಏನು ಕೇಳಿದರು, ಏನು ಸಿಕ್ಕಿತು ಎಂದು ಊರಿಗೆಲ್ಲ ಗೊತ್ತಿತ್ತು. 2025ರಲ್ಲಿ ಪೊಕಾಕ್ ಮತ್ತೆ ಗೆದ್ದರು. ಆದರೆ ಈ ಸಲ ಲೇಬರ್ ಮತ್ತು ಗ್ರೀನ್ಸ್ ಸೇರಿದರೇ 39 ಆಗುತ್ತದೆ. ಮನುಷ್ಯ ಅವರೇ, ಕುರ್ಚಿ ಅದೇ, ತೂಕ ಮಾತ್ರ ಇಳಿಯಿತು.

ನಮ್ಮ ರಾಜ್ಯಸಭೆಯಲ್ಲಿ ಅಂಥ ಗಳಿಗೆ ಬರುವುದು ಅಪರೂಪ. 2023ರ ಆಗಸ್ಟ್‌ನಲ್ಲಿ ದೆಹಲಿ ಆಡಳಿತ ಮಸೂದೆಗೆ 131 ಪರ, 102 ವಿರುದ್ಧ. 2025ರ ಏಪ್ರಿಲ್‌ನಲ್ಲಿ ವಕ್ಫ್ ತಿದ್ದುಪಡಿಗೆ 128 ಪರ, 95 ವಿರುದ್ಧ. ಮೂವತ್ತರ ಅಂತರದಲ್ಲಿ ಇಬ್ಬರು ಮೂವರು ಪಕ್ಷೇತರರು ಎತ್ತ ವಾಲಿದರೂ ಏನಾಗುತ್ತದೆ? ಸರ್ಕಾರಕ್ಕೆ ಮತ ಕಡಿಮೆ ಬಿದ್ದ ಕಾಲದಲ್ಲೂ ಆ ಕೊರತೆ ತುಂಬುತ್ತಿದ್ದದ್ದು ದೊಡ್ಡ ಪ್ರಾದೇಶಿಕ ಪಕ್ಷಗಳು.

ಇದಕ್ಕಿಂತ ನನಗೆ ಜಾಸ್ತಿ ಕಿರಿಕಿರಿ ಆಗುವುದು ಬೇರೆಯದೇ ವಿಷಯಕ್ಕೆ. ಹೆಚ್ಚಿನ ಮಸೂದೆಗಳು ಧ್ವನಿಮತದಲ್ಲೇ ಪಾಸಾಗುತ್ತವೆ. ಹೌದು ಎಂದವರು ಯಾರು, ಇಲ್ಲ ಎಂದವರು ಯಾರು ಎಂದು ದಾಖಲಾಗುವುದೇ ಇಲ್ಲ. ಯಾರಾದರೂ ಮತ ವಿಭಜನೆ ಕೇಳಿದರೆ ಮಾತ್ರ ಹೆಸರು ಹೆಸರಾಗಿ ಪಟ್ಟಿ ಸಿಗುತ್ತದೆ. 2020ರ ಸೆಪ್ಟೆಂಬರ್ 20ರಂದು ಕೃಷಿ ಮಸೂದೆಗಳ ದಿನ ಕೇಳಿದರೂ ಕೊಡಲಿಲ್ಲ ಎಂದೇ ಗಲಾಟೆ ಆದದ್ದು. ಪಕ್ಷದ ಸದಸ್ಯನ ಮತ ಎತ್ತ ಎಂದು ಊಹಿಸಬಹುದು. ಪಕ್ಷೇತರನದ್ದು ಊಹೆಗೆ ಸಿಗುವುದಿಲ್ಲ, ದಾಖಲೆಯಲ್ಲೂ ಇಲ್ಲ.

ಹಾಗಾದರೆ ಅಂಕಿಗಳಿಲ್ಲದೆ ಒಂಟಿ ಸದಸ್ಯ ಸದನವನ್ನು ಅಲುಗಾಡಿಸಲು ಸಾಧ್ಯವೇ ಇಲ್ಲವೇ? 2024ರ ಡಿಸೆಂಬರ್‌ನಲ್ಲಿ ಸಿಬಲ್ ಮಾಡಿದ್ದು ನೋಡಿ. ಅಲಹಾಬಾದ್ ಹೈಕೋರ್ಟ್ ನ್ಯಾಯಮೂರ್ತಿ ಶೇಖರ್ ಕುಮಾರ್ ಯಾದವ್ ವಿಶ್ವ ಹಿಂದೂ ಪರಿಷತ್ತಿನ ಕಾರ್ಯಕ್ರಮವೊಂದರಲ್ಲಿ ಆಡಿದ ಮಾತು ವಿವಾದವಾಗಿತ್ತು. ನ್ಯಾಯಮೂರ್ತಿಯ ಪದಚ್ಯುತಿಗೆ ನೋಟಿಸ್ ಕೊಡಲು ರಾಜ್ಯಸಭೆಯಲ್ಲಿ 50 ಸದಸ್ಯರ ಸಹಿ ಬೇಕು. ಸಿಬಲ್ ಮುಂದೆ ನಿಂತರು, ಬೇರೆ ಬೇರೆ ವಿರೋಧ ಪಕ್ಷಗಳ 55 ಸಹಿಗಳೊಂದಿಗೆ ನೋಟಿಸ್ ಸಲ್ಲಿಕೆಯಾಯಿತು. ಮುಂದೆ ಸಹಿಗಳ ಪರಿಶೀಲನೆಯಲ್ಲೇ ತಿಂಗಳುಗಳು ಕಳೆದವು. ಅದರ ಸರಿತಪ್ಪು ಬೇರೆ ಚರ್ಚೆ. ನನಗೆ ಇಲ್ಲಿ ಮುಖ್ಯ ಅನ್ನಿಸಿದ್ದು ಕೆಲಸದ ಬಗೆ. ಯಾವುದೋ ಒಂದು ಪಕ್ಷದ ನಾಯಕ ಮುಂದಾಳಾಗಿದ್ದರೆ ಉಳಿದ ಪಕ್ಷಗಳು ಹಿಂದೆ ಮುಂದೆ ನೋಡುತ್ತಿದ್ದವು. ಪಕ್ಷವಿಲ್ಲದ ಹಿರಿಯ ವಕೀಲನ ಹಿಂದೆ ನಿಲ್ಲಲು ಯಾರಿಗೂ ಸಂಕೋಚವಿಲ್ಲ. ಆದರೆ ಒಂದು ಮಾತು: ಉಳಿದ 54 ಜನ ಇಲ್ಲದಿದ್ದರೆ ಆ ಕಾಗದಕ್ಕೆ ಬೆಲೆಯೇ ಇರುತ್ತಿರಲಿಲ್ಲ.

ಸ್ವಾತಂತ್ರ್ಯದ ಗೆರೆ ಎಲ್ಲಿಯವರೆಗೆ? ಪಕ್ಷಾಂತರ ತಡೆಯುವ, ಸಂವಿಧಾನದ ಹತ್ತನೇ ಶೆಡ್ಯೂಲ್ ಕಟ್ಟುನಿಟ್ಟಾಗಿದೆ: ಪಕ್ಷೇತರನಾಗಿ ಗೆದ್ದವನು ಆಮೇಲೆ ಯಾವುದೇ ಪಕ್ಷ ಸೇರಿದರೆ ಸದಸ್ಯತ್ವ ಹೋಗುತ್ತದೆ. ನಾಮನಿರ್ದೇಶಿತ ಸದಸ್ಯರಿಗಾದರೂ ಆರು ತಿಂಗಳ ಅವಕಾಶವಿದೆ, ಇವರಿಗೆ ಒಂದು ದಿನವೂ ಇಲ್ಲ. ಆದರೆ ಆಚರಣೆಯಲ್ಲಿ ಗೆರೆ ಬಹಳ ಹಿಗ್ಗುತ್ತದೆ. ಪಕ್ಷೇತರ ಸಂಸದರಾಗಿದ್ದಾಗಲೇ, 2016ರಲ್ಲಿ, ರಾಜೀವ್ ಚಂದ್ರಶೇಖರ್ ಕೇರಳದ ಎನ್‌ಡಿಎ ಉಪಾಧ್ಯಕ್ಷರಾದರು. ಮೈತ್ರಿಕೂಟ ಒಂದು ಪಕ್ಷವಲ್ಲವಲ್ಲ! 2018ರಲ್ಲಿ ಅವಧಿ ಮುಗಿಯುವ ಹೊತ್ತಿಗೆ ಬಿಜೆಪಿ ಅಭ್ಯರ್ಥಿಯಾಗಿಯೇ ಕರ್ನಾಟಕದಿಂದ ಮತ್ತೆ ಗೆದ್ದರು, 2021ರಲ್ಲಿ ಕೇಂದ್ರದಲ್ಲಿ ರಾಜ್ಯ ಸಚಿವರಾದರು. ಹನ್ನೆರಡು ವರ್ಷದ ಅವರ ಕೆಲಸವನ್ನು ಇದು ಅಳಿಸಿಹಾಕುವುದಿಲ್ಲ. ಆದರೆ ಕೊನೆಯ ಒಂದೆರಡು ವರ್ಷದ ಪ್ರಶ್ನೆಗಳನ್ನು ಓದುವಾಗ ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಓದಬೇಕು.

ಸಂಸದರ ಹಾಜರಿ ಎಷ್ಟು, ಪ್ರಶ್ನೆ ಎಷ್ಟು, ಮಸೂದೆ ಎಷ್ಟು ಎಂದು ಪಿಆರ್‌ಎಸ್‌ನಂಥ ಸಂಸ್ಥೆಗಳು ಲೆಕ್ಕ ಇಡುತ್ತವೆ. ಒಳ್ಳೆಯದೇ. ಆದರೆ ಪಕ್ಷೇತರನನ್ನು ಆ ಅಂಕಿಗಳಿಂದ ಅಳೆಯಲು ಹೊರಟರೆ ಮೋಸ ಹೋಗುತ್ತೀರಿ. ಪ್ರಶ್ನೆ ಬರೆದುಕೊಡಲು ಸಹಾಯಕರಿದ್ದರೆ ಸಂಖ್ಯೆ ಸುಮ್ನೆ ಏರುತ್ತದೆ. ನಾನಾದರೆ ಬೇರೆ ಎರಡು ಕಡೆ ಹುಡುಕುತ್ತೇನೆ. ಮತ ವಿಭಜನೆಯಾದ ಕೆಲವೇ ದಿನಗಳಲ್ಲಿ, ತನ್ನನ್ನು ಗೆಲ್ಲಿಸಿದ ಪಕ್ಷದ ವಿರುದ್ಧ ಒಮ್ಮೆಯಾದರೂ ಗುಂಡಿ ಒತ್ತಿದ್ದಾನೆಯೇ? ಮತ್ತೆ, ತನ್ನ ಕಂಪನಿಗೆ ಇರುಸುಮುರುಸಾಗುವ ಒಂದು ಪ್ರಶ್ನೆಯನ್ನಾದರೂ ಕೇಳಿದ್ದಾನೆಯೇ?

ಕರ್ನಾಟಕದಿಂದ ಅಂಥ ಪರೀಕ್ಷೆಗೆ ಸಿಗುವವರು ಸದ್ಯಕ್ಕೆ ಕಾಣುತ್ತಿಲ್ಲ. 2012ರಲ್ಲಿ ಗೆದ್ದ ರಾಜೀವ್ ಅವರ ನಂತರ 2024ರ ಚುನಾವಣೆಯವರೆಗೆ ಇಲ್ಲಿಂದ ಹೋದವರೆಲ್ಲ ಪಕ್ಷದ ಟಿಕೆಟ್ಟಿನವರೇ. ಮಿಕ್ಕ ಮತಗಳ ಮೇಲೆ ಈಗ ಪಕ್ಷದವರೇ ಕಣ್ಣಿಟ್ಟಿದ್ದಾರೆ. 2024ರ ಫೆಬ್ರವರಿಯಲ್ಲಿ ಬಿಜೆಪಿಯ ಮಿಕ್ಕ ಮತ ನಂಬಿಕೊಂಡು ಜೆಡಿಎಸ್ ತನ್ನದೇ ಅಭ್ಯರ್ಥಿ ಕುಪೇಂದ್ರ ರೆಡ್ಡಿ ಅವರನ್ನು ಇಳಿಸಿತು. 2023ರ ಫಲಿತಾಂಶದ ಪ್ರಕಾರ ಬಿಜೆಪಿ 66ರಲ್ಲಿ 45 ಕಳೆದರೆ 21, ಜೆಡಿಎಸ್‌ನ 19 ಸೇರಿದರೆ 40. ಐದು ಕಡಿಮೆ. ಕೊನೆಗೆ ಪೆಟ್ಟಿಗೆಯಲ್ಲಿ ಸಿಕ್ಕಿದ್ದು 36.